ಧೂಳೆಂದು ಅಳಿಸಿದ ಅಂಗಳಗಳು

ಕಿಟೂಬಿ ಊರಿನ ಒಂಬತ್ತು ಮನೆಗಳ ಗೋಡೆಗೆ ಕೆಂಪು ಬಣ್ಣದ ಅಡ್ಡಗೀಟು ಬಿದ್ದದ್ದು ನನ್ನ ನಕ್ಷೆಯಿಂದ. ಕಂಪಾಲದಲ್ಲಿ ನನ್ನ ಕೆಲಸ ಇಷ್ಟೇ: ೧೯೫೫ರಲ್ಲಿ ವಿಮಾನದಿಂದ ತೆಗೆದ ಫೋಟೋಗಳನ್ನು ಸ್ಕ್ಯಾನ್ ಮಾಡುವುದು, ಅಂದಿನ ಜೌಗು ಎಲ್ಲಿವರೆಗಿತ್ತು ಎಂದು ಗೆರೆ ಎಳೆಯುವುದು. ಜೌಗಿನೊಳಗೆ ಕಟ್ಟಿದ್ದನ್ನು ಸರ್ಕಾರ ಕೆಡವುತ್ತದೆ; ಆ ಒಂಬತ್ತೂ ಮನೆ ಗೆರೆಯೊಳಗೆ ಬಂದವು. ಶುಕ್ರವಾರ ಬುಲ್ಡೋಜರ್ ಬರುವುದಿತ್ತು.

ಬುಧವಾರ ವರದಿಗೆಂದು ಮನೆಗಳ ಚಿತ್ರ ತೆಗೆಯಲು ಹೋದೆ. ಮೊದಲ ಮನೆಯ ನಬುಕೇರ ಅಜ್ಜಿಗೆ, ನಮ್ಮಲ್ಲಿ ಹಿರಿಯರಿಗೆ ಮಾಡುವಂತೆ, ಮಂಡಿಯೂರಿ ವಂದಿಸಿದೆ.

"ಏಳೇ, ಸಾಕು. ಮನೆ ಕೆಡವೋಕೆ ಬಂದೋಳು ನಮಸ್ಕಾರ ಬೇರೆ ಮಾಡ್ತಿದೀಯಾ?"

"ನಾನು ಕೆಡವಲ್ಲ ಅಜ್ಜಿ. ನಕ್ಷೆ ಮಾತ್ರ ನಂದು."

"ಹಾಗಾದ್ರೆ ತೋರ್ಸು. ನಾನು ಹುಟ್ಟಿದ ಮನೆ ನೀರಲ್ಲಿತ್ತು ಅಂತ ಯಾವ ಕಾಗದ ಹೇಳುತ್ತೆ, ನೋಡೇಬಿಡ್ತೀನಿ."

ಲ್ಯಾಪ್‌ಟಾಪಿನಲ್ಲಿ ಆ ಹಳೆ ಫೋಟೋ ತೆರೆದೆ. ಕಣಿವೆ ತುಂಬ ಒಂದೇ ಸಮ ಕಪ್ಪು. ಪಪೈರಸ್ ಜೊಂಡು ಎಂದೆ. ಅಜ್ಜಿ ಮೂಗು ತಾಗುವಷ್ಟು ಬಗ್ಗಿ ನೋಡಿದಳು.

"ಕೆಳಗಿಂದು ಜೊಂಡು, ಸರಿ. ಮೇಲಿಂದು ಬಾಳೆ. ಗರಿ ಬಿಚ್ಚಿದ ಹಾಗೆ ಕಾಣಲ್ವಾ? ದಿನಾ ಮಟೋಕೆ ತಿಂದು ಬೆಳೆದೋಳು, ಬಾಳೆತೋಟ ಗುರುತಿಸೋಕೆ ಬರಲ್ವಾ?"

ತಟ್ಟೆಯಲ್ಲಿ ಬೇಯಿಸಿದ ಬಾಳೆಕಾಯಿ ಕಂಡವಳು ನಾನು, ತೋಟದಲ್ಲಿ ಕಳೆ ಕಿತ್ತವಳಲ್ಲ.

"ಅಂಗಳ ಎಲ್ಲಿ?" ಅಂದಳು. "ನಮ್ಮಮ್ಮ ಸೂರ್ಯ ಹುಟ್ಟೋ ಮೊದ್ಲೇ ಗುಡಿಸೋಳು. ಒಂದು ಎಲೆ ಬಿದ್ದಿದ್ರೂ ನಮಗೆ ಏಟು. ಮೇಲಿಂದ ನೋಡಿದ್ರೆ ಬೆಳ್ಳಗೆ ಕಾಣ್ಬೇಕು."

ಬಿಳಿ ಚುಕ್ಕೆಗಳಿದ್ದವು. ಹಳೆ ಫಿಲ್ಮಿನ ಮೇಲಿನ ಧೂಳು ಎಂದುಕೊಂಡು ಒಂದೊಂದಾಗಿ ಅಳಿಸಿದವಳು ನಾನೇ. ಏನನ್ನೂ ಅಳಿಸದ ಮೂಲ ಪ್ರತಿ ತೆರೆದೆ. ಎಂಟು ಚುಕ್ಕೆ. ಒಂದರಿಂದ ಒಂದಕ್ಕೆ ಕೂದಲೆಳೆಯಷ್ಟು ಕಾಲುದಾರಿ. ಧೂಳಿಗೆ ಕಾಲುದಾರಿ ಇರುವುದಿಲ್ಲ.

ನಮ್ಮ ಮುಖ್ಯಸ್ಥ ಡಾಕ್ಟರ್ ಸೆರುವಡ್ಡರಿಗೆ ಅಂದೇ ತೋರಿಸಿದೆ. ಅವರು ಕನ್ನಡಕ ಒರೆಸುತ್ತ ಹೇಳಿದರು: "ವರದಿ ಹೋಗಿಯಾಗಿದೆ. ಮುಂದಿನ ಪ್ರಬಂಧದಲ್ಲಿ ಒಂದು ಅಡಿಟಿಪ್ಪಣಿ ಹಾಕೋಣ."

"ಅಷ್ಟರಲ್ಲಿ ಮನೆಗಳೇ ಇರಲ್ಲ, ಸರ್."

"ನೀನು ತಾತ್ಕಾಲಿಕ ನೌಕರಿಯವಳು, ನಂಟೊಂಗೊ. ನೆನಪಿರ್ಲಿ."

ಚೆನ್ನಾಗಿ ನೆನಪಿತ್ತು. ಮೂಲ ಪ್ರತಿಯನ್ನು ಬಾಗಿಲಷ್ಟು ದೊಡ್ಡದಾಗಿ ಮುದ್ರಿಸಿಕೊಂಡು ಕೆಡವುವ ಮೊದಲು ಊರವರ ಅಹವಾಲು ಕೇಳುವ ಗುರುವಾರದ ವಿಚಾರಣೆಗೆ ಹೋದೆ. ಕಿಟೂಬಿಯ ಮಾವಿನ ಮರದಡಿ ಬೆಂಚುಗಳು. ಡಾಕ್ಟರ್ ಮೊದಲ ಸಾಲಿನಲ್ಲೇ ಇದ್ದರು. ನಾನು ಎದ್ದು ಹೇಳಿದೆ: "ನಕ್ಷೆ ತಪ್ಪು. ಮಾಡಿದವಳು ನಾನು. ಅಂಗಳಗಳನ್ನ ಧೂಳು ಅಂತ ಅಳಿಸಿದ್ದೀನಿ."

ವಿಚಾರಣೆ ನಡೆಸಲು ಜಿಪಿಎಸ್ ಯಂತ್ರ ಹಿಡಿದು ಬಂದಿದ್ದ ಸರ್ಕಾರಿ ಅಧಿಕಾರಿ ನಕ್ಕ. "ಇವು ಧೂಳಲ್ಲ ಅಂತ ಏನು ಗ್ಯಾರಂಟಿ?"

"ಅಳತೆ ಯಂತ್ರ ಕೈಲೇ ಇದೆಯಲ್ಲಪ್ಪ," ಅಂದಳು ಅಜ್ಜಿ. "ಬಾ, ನಡಿ. ಬೂಟು ಕೊಳೆ ಆಗುತ್ತೆ ಅಂತ ಭಯಾನಾ?"

ಜನ ನಕ್ಕರು. ಅವನಿಗೆ ಏಳದೆ ವಿಧಿಯಿರಲಿಲ್ಲ. ಒಂದೊಂದು ಚುಕ್ಕೆಯ ಅಕ್ಷಾಂಶ, ರೇಖಾಂಶ ನಾನು ಓದಿದೆ. ಅವನು ಹೋಗಿ ನಿಂತ. ಎಂಟು ಸಲವೂ ಯಾರದೋ ಅಂಗಳದಲ್ಲೇ ನಿಂತ. ಎಂಟನೆಯದರಲ್ಲಿ ನಗು ಬಿಟ್ಟು ಬರೆದುಕೊಳ್ಳತೊಡಗಿದ.

ಒಂಬತ್ತನೆಯ ಮನೆಗೆ ಚುಕ್ಕೆ ಇರಲಿಲ್ಲ. ಅದು ಇಳಿಜಾರಿನ ಕೊನೆಗೆ, ಜೊಂಡು ಕಡಿದು ಕಟ್ಟಿದ್ದು. ಅಜ್ಜಿಯ ಮಗನದು. ನಾನು ಅವಳ ಮುಖ ನೋಡಿದೆ.

"ನನ್ನ ಮುಖ ಯಾಕೆ ನೋಡ್ತೀಯಾ? ಇದ್ದದ್ದು ಹೇಳು."

"ಇದು ಜೌಗಿನಲ್ಲಿದೆ," ಅಂದೆ.

ಮಗ ಏನೋ ಕೂಗಿದ. ಅಜ್ಜಿ ತಿರುಗಿಯೂ ನೋಡಲಿಲ್ಲ. "ಅಲ್ಲಿ ಕಟ್ಟಬೇಡ ಅಂತ ಬಡ್ಕೊಂಡೆ. ಕೇಳ್ಲಿಲ್ಲ. ಬರ್ಕೊಳ್ಳಿ ಸಾಹೇಬ್ರೇ." ಎಲ್ಲರೂ ಮಾವಿನ ಮರದಡಿಗೆ ಮರಳಿದ ಮೇಲೆ ಅವಳು ಕಣಿವೆಯಾಚೆಯ ತಗಡಿನ ಚಾವಣಿಯತ್ತ ಕೈ ಮಾಡಿದಳು. ಬಿಯರ್ ಗೋದಾಮು, ನಾಲ್ಕು ಫುಟ್‌ಬಾಲ್ ಮೈದಾನದಷ್ಟು. ಅದಕ್ಕೆ ಕೆಂಪು ಗೀಟು ಬಿದ್ದಿರಲಿಲ್ಲ. "ಅದನ್ನೂ ಬರ್ಕೊಳ್ಳಿ. ಅಲ್ಲಿ ಮೀನು ಹಿಡಿದಿದ್ದೀನಿ ನಾನು."

"ಅದು ಇವತ್ತಿನ ವಿಷಯ ಅಲ್ಲ," ಅಂದ ಅಧಿಕಾರಿ.

"ಆ ಜಾಗವೂ ಅದೇ ಫೋಟೋದ ಜೌಗಿನಲ್ಲಿದೆ," ಅಂದೆ ನಾನು.

"ನಂಟೊಂಗೊ, ಕೂತ್ಕೋ," ಅಂದರು ಡಾಕ್ಟರ್.

ಕೂರಲಿಲ್ಲ. ಗೋದಾಮಿನ ನಾಲ್ಕು ಮೂಲೆಗಳ ಅಕ್ಷಾಂಶ, ರೇಖಾಂಶ ಗಟ್ಟಿಯಾಗಿ ಓದಿದೆ. ಅಧಿಕಾರಿ ಬರೆಯಲಿಲ್ಲ. ಎರಡನೇ ಸಲ ಓದಿದೆ. ಮೂರನೇ ಸಲ ಓದುವಾಗ ಅಜ್ಜಿ ಅವನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತು, ಅವನ ಪೆನ್ನನ್ನೇ ನೋಡುತ್ತಿದ್ದಳು. ಅವನು ಬರೆದ.