ಎರಡರಲ್ಲೇ ಇದ್ದ ಸ್ವಿಚ್ಚು

ಬಟ್ಟೆ ಹಿಂಡುತ್ತಿದ್ದವಳು ಗಂಡನ ಕೂಗು ಕೇಳಿ ಒದ್ದೆ ಕೈಯಲ್ಲೇ ಒಳಗೆ ಬಂದಳು.

"ನನ್ನ ಲೆನ್ಸ್ ಯಾರು ಮುಟ್ಟಿದ್ದು?"

ಅವನು ಪತ್ರಿಕೆಯೊಂದಕ್ಕೆ ಆಟೋಟಗಳ ಫೋಟೋ ತೆಗೆಯುವವನು. ನಿನ್ನೆಯ ಸೈಕಲ್ ರೇಸಿನ ಚಿತ್ರಗಳಲ್ಲಿ ಪ್ರತಿ ಸವಾರನಿಗೂ ಒಂದರ ಮೇಲೊಂದು ಎರಡು ಮುಖ. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ಕಳಿಸುತ್ತೇವೆಂದು ಸಂಪಾದಕರು ಹೇಳಿಯಾಗಿತ್ತು.

"ಅಲುಗಾಟ ತಡೆಯೋ ಸ್ವಿಚ್ಚು ಎರಡರಿಂದ ಒಂದಕ್ಕೆ ಜಾರಿರ್ಬೇಕು. ಆಗ ನಾನು ಸೈಕಲ್ ಜೊತೆ ಕ್ಯಾಮೆರಾ ತಿರುಗಿಸೋದನ್ನೇ ಅಲುಗಾಟ ಅಂದ್ಕೊಂಡು ಲೆನ್ಸು ಹಿಂದಕ್ಕೆ ಎಳೆಯುತ್ತೆ. ಎರಡರಲ್ಲಿದ್ರೆ ಮೇಲೆ ಕೆಳಗೆ ಅಲುಗೋದನ್ನ ಮಾತ್ರ ತಡೆಯುತ್ತೆ."

"ಧೂಳು ಒರೆಸುವಾಗ ನನ್ನ ಕೈ ತಗುಲಿರ್ಬೇಕು ಕಣ್ರೀ."

"ಮನೆ ಒರೆಸಿದ್ದು ಸಾಲ್ದು ಅಂತ ನನ್ನ ಹೊಟ್ಟೆಪಾಡನ್ನೂ ಒರೆಸಿಬಿಟ್ಯಾ?"

ಅವಳು ಲೆನ್ಸನ್ನು ಮುಟ್ಟಿರಲೇ ಇಲ್ಲ. ಆದರೂ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು. ಮೂರು ತಿಂಗಳಿಂದ ಚೆಲ್ಲದಿರಲೆಂದು ಅವನಿಗೆ ಅರ್ಧ ಲೋಟವೇ ಕಾಫಿ ಕೊಡುತ್ತಿದ್ದಳು, ಅಂಗಿಯ ಗುಂಡಿ ತಾನೇ ಹಾಕುತ್ತಿದ್ದಳು. ಅದರ ಬಗ್ಗೆ ಇಬ್ಬರೂ ತುಟಿ ಬಿಚ್ಚಿರಲಿಲ್ಲ.

ಶಾಲೆಗೆ ಹೊರಟಿದ್ದ ಮಗಳು ಕ್ಯಾಮೆರಾ ಚೀಲ ತೆರೆದು ಲೆನ್ಸನ್ನು ಹೊರತೆಗೆದಳು.

"ನಿನ್ನೆ ರೇಸಿಗೆ ಹೊರಡೋವಾಗ ನಿನ್ನ ಬೆರಳಿಗೆ ಸ್ವಿಚ್ಚು ಸಿಗ್ತಿಲ್ಲ ಅಂತ ನನ್ನ ಕೈಗೇ ಕೊಟ್ಟಿದ್ದೆಯಲ್ಲಪ್ಪಾ? ಎರಡಕ್ಕೆ ಹಾಕಿ, ಜಾರದ ಹಾಗೆ ಮೇಲೆ ಟೇಪ್ ಅಂಟಿಸಿದ್ದೆ. ನೋಡು, ಹಾಗೇ ಇದೆ."

ತಾಯಿ ಬೇಡವೆಂದು ಕಣ್ಸನ್ನೆ ಮಾಡಿದಳು. ಅವನು ಬಲಗೈಯನ್ನು ಮೆಲ್ಲನೆ ಜೇಬಿಗೆ ಸೇರಿಸಿದ. ಮಗಳು ಇಬ್ಬರ ಮುಖವನ್ನೂ ನೋಡಿದಳು.

"ಅಪ್ಪಾ, ನಿನ್ನ ಕೈ ಯಾಕೆ ನಡುಗುತ್ತೆ?"