ಗೋರಿಯ ಕೆಳಗಿನ ಬೇರು

ಚರ್ಚಿನಿಂದ ಮನೆಗೆ ಇರುವುದು ಕೂಗಳತೆಯ ದಾರಿ. ಆದರೂ ಕಲೊಲೈನೆ ನಡುವೆ ಎರಡು ಕಡೆ ನಿಂತಳು. ಮೊದಲ ಸಲ ಪಾದ್ರಿಯ ಹೆಂಡತಿಯನ್ನು ಮಾತಾಡಿಸುವ ನೆವವಿತ್ತು. ಎರಡನೆಯ ಸಲ ನೆವವೂ ಇರಲಿಲ್ಲ, ಬೇಲಿಯ ಕಂಬ ಹಿಡಿದು ಸುಮ್ಮನೆ ನಿಂತಳು. ಮನೆ ಮುಟ್ಟಿದವಳೇ ದೀವಿಹಲಸಿನ ನೆರಳಿನಲ್ಲಿದ್ದ ಕುರ್ಚಿಯಲ್ಲಿ ಕುಸಿದು, ಮರ್ಯಾದೆಯ ಉಡುಪೆಂದು ಸೊಂಟಕ್ಕೆ ಸುತ್ತಿದ್ದ ಚಾಪೆ ಬಿಚ್ಚಿ, ನೀರು ಕೇಳಿದಳು. ಒಂದು ಲೋಟ ಕುಡಿದು ಇನ್ನೊಂದು ಕೇಳಿದಳು.

"ಅತ್ತೆ, ಬೆಳಗ್ಗೆಯಿಂದ ಕುಡೀತಾನೇ ಇದೀರ," ಎಂದಳು ಲೆಸಿಯೆಲಿ. ಅವಳು ಕಲೊಲೈನೆಯ ತಮ್ಮನ ಮಗ ಸೆಮಿಸಿಯ ಹೆಂಡತಿ.

"ಯಾಕೆ, ನೀರಿನ ತೊಟ್ಟಿ ನಿಮ್ಮಪ್ಪ ಕಟ್ಟಿಸಿದ್ದಾ?"

ಲೆಸಿಯೆಲಿ ನಕ್ಕು, ತೋಳಲ್ಲಿದ್ದ ಎಳೆಗೂಸಿನೊಂದಿಗೆ ಒಳಗೆ ಹೋದಳು. ಬೈಸಿಕೊಳ್ಳುವುದು ಅವಳ ಪಾಲಿಗೆ ಬಂದದ್ದೇ. ಟೊಂಗಾ ದ್ವೀಪಗಳಲ್ಲಿ ಸೋದರತ್ತೆಯ ಮಾತಿಗೆ ಎದುರಿಲ್ಲ. ತಮ್ಮನ ಮಕ್ಕಳಿಗೆ ಅವಳೇ ಫಹು, ಅಂದರೆ ಎಲ್ಲರಿಗಿಂತ ಮೇಲಿನವಳು. ಅವಳು ಏನು ಕೇಳಿದರೂ ಇಲ್ಲವೆನ್ನುವ ಹಾಗಿಲ್ಲ. ಮದುವೆಯಿರಲಿ, ಸಾವಿರಲಿ, ಒಳ್ಳೆಯ ಚಾಪೆ ಅವಳಿಗೆ, ಹಂದಿಯ ಬೆನ್ನಿನ ಭಾಗ ಅವಳಿಗೆ, ಕೇಕಿನ ಮೇಲಂತಸ್ತು ಅವಳಿಗೆ. ತಮ್ಮ ತೀರಿಹೋದ ಮೇಲೂ ಆ ಮಾನ ಕಡಿಮೆಯಾಗಿರಲಿಲ್ಲ. ವರ್ಷಾನುಗಟ್ಟಲೆ ಬಂದ ಮಾನವನ್ನೆಲ್ಲ ಕಲೊಲೈನೆ ತಿಂದು ಅರಗಿಸಿಕೊಂಡಿದ್ದಳು. ಈಚೆಗೆ ಅರಗುತ್ತಿರಲಿಲ್ಲ.

ಅವಳಿಗೆ ಸಕ್ಕರೆ ಕಾಯಿಲೆ ಇದೆಯೆಂದು ಊರಿನ ನರ್ಸು ಹೇಳಿ ಬಹಳ ಕಾಲವಾಗಿತ್ತು. ಕೊಟ್ಟ ಮಾತ್ರೆಯನ್ನು ಕೆಲವು ತಿಂಗಳು ನುಂಗಿ, ಮೈ ಹಗುರವಾಯಿತೆಂದು ಬಿಟ್ಟಿದ್ದಳು. ಈಗ ಅವಳ ಚಿಂತೆ ಸಕ್ಕರೆಯದಲ್ಲ, ಪಾದದ್ದು. ಮಲಗಿದರೆ ಸಾಕು, ಅಂಗಾಲಿಗೆ ಕೆಂಡ ಸುರಿದ ಹಾಗೆ ಉರಿ. ಹೊದಿಕೆ ತಾಗಿದರೂ ತಡೆಯಲಾಗದು. ಅದರ ಕಾರಣ ಅವಳಿಗೆ ಗೊತ್ತಿತ್ತು. ಸತ್ತವರ ಎಲುಬಿಗೆ ಮರದ ಬೇರು ಚುಚ್ಚಿದರೆ ಬದುಕಿದ್ದವರಿಗೆ ಅದೇ ಜಾಗದಲ್ಲಿ ನೋವು. ಊರಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅಮ್ಮನ ಗೋರಿಯ ಪಕ್ಕದಲ್ಲಿ ಗಾಳಿಮರವೊಂದು ಬೆಳೆದಿತ್ತು.

ಊಟದ ಹೊತ್ತಿಗೆ ಅವಳು ಸೆಮಿಸಿಯನ್ನು ಕರೆದಳು. "ನಾಳೆ ಅಜ್ಜಿಯ ಗೋರಿ ಅಗಿಬೇಕು ಕಣೋ. ಕಾಲಿನ ಕಡೆ ಮಾತ್ರ."

"ಆಯ್ತು ಅತ್ತೆ," ಎಂದ ಸೆಮಿಸಿ, ತಟ್ಟೆಯಿಂದ ತಲೆ ಎತ್ತದೆ.

ಲೆಸಿಯೆಲಿ ಗೆಣಸಿನ ತಟ್ಟೆ ಕೆಳಗಿಟ್ಟಳು. "ಅತ್ತೆ, ತಪ್ಪು ತಿಳೀಬೇಡಿ. ನಮ್ಮಣ್ಣನಿಗೂ ಹಿಂಗೇ ಕಾಲು ಉರೀತಿತ್ತು. ಸಕ್ಕರೆಯಿಂದ ಅಂದ್ರು. ದೊಡ್ಡಾಸ್ಪತ್ರೇಲಿ ಅದಕ್ಕೇ ಅಂತ ತಜ್ಞರಿದ್ದಾರೆ."

"ನಿಮ್ಮಣ್ಣನ ಮನೆಯವರು ಗೋರಿ ಕಡೆ ತಿರುಗೂ ನೋಡಲ್ಲ. ಅದಕ್ಕೇ ಉರೀತು."

"ಒಂದ್ಸಲ ಹೋಗ್ಬನ್ನಿ. ಹೋದ್ರೆ ಏನು ಹೋಗತ್ತೆ?"

"ಕಾಲು ಹೋಗತ್ತೆ," ಎಂದಳು ಕಲೊಲೈನೆ. ದನಿ ಏರಿರಲಿಲ್ಲ, ದಣಿದಿತ್ತು. "ನಮ್ಮಮ್ಮ ನಡ್ಕೊಂಡು ಹೋದಳು ಆಸ್ಪತ್ರೆಗೆ. ಮೊಣಕಾಲಿಂದ ಕೆಳಗೆ ಬಿಟ್ಟು ಬಂದಳು. ಮರುವರ್ಷ ಮಣ್ಣಿಗಿಟ್ವಿ. ಮಣ್ಣಿಗೆ ಹೋಗೋವಾಗ ನಾನು ಪೂರ್ತಿ ಹೋಗ್ತೀನಿ ಕಣೇ. ಅದೊಂದನ್ನ ನಂಗೆ ಬಿಟ್ಬಿಡಿ."

ಲೆಸಿಯೆಲಿ ಗೆಣಸಿನ ತಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡಳು. ಸೊಸೆಯಾಗಿ ಬಂದವಳು ಇದಕ್ಕಿಂತ ಹೆಚ್ಚು ಮಾತಾಡುವಂತಿರಲಿಲ್ಲ.

ಮಾರನೆಯ ದಿನ ಬಿಸಿಲಿಳಿದ ಮೇಲೆ ಸ್ಮಶಾನಕ್ಕೆ ಹೋದರು. ಗೋರಿಯ ಮೇಲಿನ ಬಿಳಿ ಮರಳನ್ನೂ ಕರಿಕಲ್ಲುಗಳನ್ನೂ ಲೆಸಿಯೆಲಿ ಬದಿಗೆ ಸರಿಸಿಟ್ಟಳು. ಸೆಮಿಸಿ ಪ್ರಾರ್ಥನೆ ಹೇಳಿ ಗುದ್ದಲಿ ಹಿಡಿದ. ದೇಹ ಭಾರಿ, ಬೇಗ ಏದುಸಿರು ಬರುತ್ತಿತ್ತು. ಆಗಾಗ ನಿಂತು ಬಾಟಲಿಯಲ್ಲಿದ್ದ ಕೆಂಪು ಸೋಡಾ ಕುಡಿಯುತ್ತಿದ್ದ. ಕಡೆಗೆ ಮಂಡಿಯೂರಿ ಕೈಯಲ್ಲೇ ಮರಳು ಬಗೆದು, ಬಗ್ಗಿಕೊಂಡೇ ಕೂಗಿದ, "ಅತ್ತೆ, ಇದೆ. ಬೆರಳು ಗಾತ್ರದ ಬೇರು. ಎಡಪಾದದ ಮೇಲೇ ಹಾದುಹೋಗಿದೆ." ಸ್ವಲ್ಪ ತಡೆದು, "ಬಲಗಡೆ..." ಎಂದ.

"ಗೊತ್ತು," ಎಂದಳು ಕಲೊಲೈನೆ. "ಅಲ್ಲಿ ಹುಡುಕಬೇಡ. ಏನೂ ಇಲ್ಲ."

ಬೇರನ್ನು ಕತ್ತರಿಸಿ ತೆಗೆದರು. ಅವಳು ತಾನೇ ಬಗ್ಗಿ ಆ ಚಿಕ್ಕ ಎಲುಬುಗಳಿಗೆ ಕೊಬ್ಬರಿ ಎಣ್ಣೆ ಸವರಿ, ನಾರುಬಟ್ಟೆಯಲ್ಲಿ ಸುತ್ತಿ ಮತ್ತೆ ಮಲಗಿಸಿದಳು. ತನ್ನ ಕಾಲುಗಳೆರಡೂ ಉರಿಯುತ್ತಿವೆ, ಬೇರು ಸಿಕ್ಕಿದ್ದು ಒಂದೇ ಪಾದದ ಮೇಲೆ. ಈ ಲೆಕ್ಕ ಅವಳ ಮನಸ್ಸಿಗೆ ಬರದೆ ಇರಲಿಲ್ಲ. ಬಂದದ್ದನ್ನು ಹಾಗೇ ಬಿಟ್ಟಳು.

ಸೋಜಿಗವೆಂದರೆ ಉರಿ ಇಳಿಯಿತು. ಒಂದೇ ದಿನಕ್ಕಲ್ಲ, ವಾರಗಳು ಕಳೆದಂತೆ ಮೆಲ್ಲಮೆಲ್ಲನೆ. ಕೆಂಡವಿದ್ದಲ್ಲಿ ಬೂದಿ, ಬೂದಿಯಿದ್ದಲ್ಲಿ ಹತ್ತಿ. ಕೊನೆಗೆ ಪಾದಗಳು ಇವೆಯೆಂಬುದೇ ನೆನಪಾಗದಷ್ಟು ಹಿತ. ದಣಿವು ಮಾತ್ರ ಹೋಗಲಿಲ್ಲ. ಆದರೆ ದಣಿವು ವಯಸ್ಸಿನದು, ಅದಕ್ಕೆ ಯಾರ ಗೋರಿಯನ್ನು ಅಗಿಯುವುದು?

"ನೋಡಿದ್ಯೇನೇ?" ಎಂದು ಸಿಕ್ಕಾಗಲೆಲ್ಲ ಲೆಸಿಯೆಲಿಯನ್ನು ಚುಚ್ಚುತ್ತಿದ್ದಳು. "ನಿನ್ನ ತಜ್ಞರ ಕೈಲಿ ಆಗ್ತಿತ್ತಾ?"

"ಇಲ್ಲ ಅತ್ತೆ," ಎನ್ನುತ್ತಿದ್ದಳು ಲೆಸಿಯೆಲಿ. ಅವಳಿಗೂ ಅರ್ಧ ನಂಬಿಕೆ ಬಂದಿತ್ತು.

ಒಂದು ಭಾನುವಾರ, ಗುಂಡಿಯಲ್ಲಿ ಕಾದ ಕಲ್ಲುಗಳ ಜೊತೆ ಅಡುಗೆ ಹೂತಿಟ್ಟ ನೆಲದೊಲೆಯನ್ನು ಬಿಚ್ಚುವ ಹೊತ್ತು. ಅತ್ತೆ ಎಂದಿನಂತೆ ಗುಂಡಿಯ ಪಕ್ಕ ಮೋಟು ಸ್ಟೂಲಿನ ಮೇಲೆ ಬರಿಗಾಲಲ್ಲಿ ಕೂತು, ಯಾವ ಪೊಟ್ಟಣ ಮೊದಲು ತೆಗೆಯಬೇಕು, ಯಾವುದು ಪಾದ್ರಿಯ ಮನೆಗೆ ಎಂದು ಅಪ್ಪಣೆ ಕೊಡುತ್ತಿದ್ದಳು. ಸೆಮಿಸಿ ಮೇಲಿನ ಮಣ್ಣು, ಎಲೆಗಳನ್ನು ಸರಿಸಿ ಕಾದ ಕಲ್ಲುಗಳನ್ನು ಕೋಲಿನಿಂದ ಅಂಚಿಗೆ ಉರುಳಿಸುತ್ತಿದ್ದ. ಹಬೆ ಎದ್ದಿತು.

"ಏನೋ ಸೀದಿದೆ," ಎಂದಳು ಲೆಸಿಯೆಲಿ.

"ಹಂದಿ ಸೀಯಿಸಿರ್ತಾನೆ ನಿನ್ನ ಗಂಡ," ಎಂದಳು ಕಲೊಲೈನೆ. "ಇವನಪ್ಪನೂ ಹಿಂಗೇ. ಒಲೆ ಮುಚ್ಚಿ ನಿದ್ದೆ ಹೊಡೀತಿದ್ದ."

ಸೆಮಿಸಿ ಪೊಟ್ಟಣಗಳನ್ನು ಬಿಚ್ಚಿ ನೋಡಿದ. ಯಾವುದೂ ಸೀದಿರಲಿಲ್ಲ. ಲೆಸಿಯೆಲಿ ವಾಸನೆ ಹಿಡಿದು ತಿರುಗಿ ತಿರುಗಿ ನೋಡಿ, ಕಡೆಗೆ ಅತ್ತೆಯ ಕಡೆ ನೋಡಿದಳು. ಉರುಳಿಬಂದ ಕಲ್ಲೊಂದರ ಮೇಲೆ ಕಲೊಲೈನೆಯ ಬಲಪಾದ ನೆಮ್ಮದಿಯಾಗಿ ಕೂತಿತ್ತು.

ಲೆಸಿಯೆಲಿ ಓಡಿಬಂದು ಕಾಲನ್ನು ಎಳೆದುಕೊಂಡಳು. ಕಿರುಬೆರಳೂ ಅದರ ಪಕ್ಕದ ಅಂಗಾಲೂ ಬೆಂದು ಬೆಳ್ಳಗಾಗಿದ್ದವು. ಕಲೊಲೈನೆ ಬಗ್ಗಿ ನೋಡಿದಳು, ಬೇರೆ ಯಾರದೋ ಕಾಲನ್ನು ನೋಡುವ ಹಾಗೆ.

"ನೋಯ್ತಿಲ್ವಲ್ಲೇ," ಎಂದಳು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಲ ಅದನ್ನೇ ಅಂದಳು. ಎರಡನೆಯ ಸಲ ಅವಳ ದನಿಯಲ್ಲಿ ಹೆದರಿಕೆಯಿತ್ತು.

ಆ ದಿನ ಲೆಸಿಯೆಲಿ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ನೀರಿನ ಪೈಪು ತಂದು ಕಾಲಿನ ಮೇಲೆ ಬಿಟ್ಟಳು, ಒದ್ದೆ ಬಟ್ಟೆ ಸುತ್ತಿದಳು, ಗಂಡನಿಗೆ ವ್ಯಾನು ತೆಗೆ ಎಂದಳು. ಕಲೊಲೈನೆ "ನಾನು ಬರಲ್ಲ" ಎಂದಾಗ ಅವಳ ಮುಂದೆ ನೆಲದ ಮೇಲೆ ಕೂತು, ತಲೆ ತಗ್ಗಿಸಿಕೊಂಡೇ ಹೇಳಿದಳು.

"ಅಜ್ಜಿ ಆಸ್ಪತ್ರೆಗೆ ಹೋದಾಗ ಗಾಯ ಎಷ್ಟು ದಿನದ್ದು ಅತ್ತೆ?"

ಅಮ್ಮನ ಗಾಯಕ್ಕೆ ಸೊಪ್ಪು ಕಟ್ಟಿದ್ದು ಕಲೊಲೈನೆಯೇ. ಎಲುಬು ಕಾಣುವವರೆಗೂ ಕಟ್ಟಿದ್ದಳು.

"ನಿಮ್ಮದು ಇವತ್ತಿಂದು," ಎಂದಳು ಲೆಸಿಯೆಲಿ. "ಇವತ್ತೇ ಹೋಗೋಣ."

ಗಾಯಕ್ಕೆ ಪಟ್ಟಿ ಕಟ್ಟಿ, ವಾರ್ಡಿನಲ್ಲಿ ಮಲಗಿಸಿ, ಮರುದಿನ ಅವಳನ್ನು ಸಕ್ಕರೆ ಕಾಯಿಲೆಯ ವಿಭಾಗಕ್ಕೆ ಗಾಲಿಕುರ್ಚಿಯಲ್ಲಿ ಕರೆದೊಯ್ದರು. ಅಲ್ಲಿನ ತಜ್ಞೆ ಇದೇ ದ್ವೀಪದವಳು, ಹೊರದೇಶದಲ್ಲಿ ಓದಿ ಬಂದವಳು, ಹೆಸರು ಪಿಸಿಲಾ. ಸೊಂಟಕ್ಕೆ ಚಾಪೆ ಸುತ್ತಿ, ಮೇಲೆ ಬಿಳಿ ಕೋಟು ಹಾಕಿದ್ದಳು. ಬಂದವಳೇ ಬೈಯುತ್ತಾಳೆಂದು ಕಲೊಲೈನೆ ಉತ್ತರಗಳನ್ನು ಹೊಂದಿಸಿಟ್ಟುಕೊಂಡಿದ್ದಳು. ವೈದ್ಯೆ ಬೈಯಲಿಲ್ಲ. ಊಟ, ನಿದ್ದೆ, ಕಣ್ಣು, ನೀರಡಿಕೆ ಎಲ್ಲ ವಿಚಾರಿಸಿದಳು. ಕತ್ತು ಮುಟ್ಟಿ ನೋಡಿ, ಇಷ್ಟು ದಣಿವಿಗೆ ಇಲ್ಲಿನ ಥೈರಾಯ್ಡ್ ಗ್ರಂಥಿಯೂ ಕಾರಣವಿರಬಹುದು, ಅದರ ರಕ್ತಪರೀಕ್ಷೆಯನ್ನೂ ಮಾಡಿಸೋಣ ಎಂದಳು. ದಣಿವಿಗೂ ಒಂದು ಪರೀಕ್ಷೆ ಇದೆಯೆಂದು ಕಲೊಲೈನೆಗೆ ಯಾರೂ ಹೇಳಿರಲಿಲ್ಲ.

ಆಮೇಲೆ ವೈದ್ಯೆ ಮೀನಿನ ಗಾಳದ ದಾರದಂಥ ತುಂಡೊಂದನ್ನು ತೆಗೆದಳು. "ಕಣ್ಣು ಮುಚ್ಚಿ ಅತ್ತೆ. ಪಾದಕ್ಕೆ ಇದನ್ನ ಮುಟ್ಟಿಸ್ತೀನಿ. ಮುಟ್ಟಿದಾಗೆಲ್ಲ ಹೂಂ ಅನ್ನಿ."

ಕಲೊಲೈನೆ ಕಣ್ಣು ಮುಚ್ಚಿದಳು. ಕಾದಳು. ಹೊರಗೆ ಯಾರೋ ಕೆಮ್ಮಿದರು, ಫ್ಯಾನು ಕಿರುಗುಟ್ಟಿತು. ಇನ್ನೂ ಕಾದಳು. ತಾಳ್ಮೆ ಮುಗಿದು, "ಯಾವಾಗಮ್ಮ ಶುರು ಮಾಡ್ತೀಯ?" ಎಂದಳು.

"ಮುಗೀತು ಅತ್ತೆ."

ಕಣ್ಣು ಬಿಟ್ಟಾಗ ಲೆಸಿಯೆಲಿ ಗೋಡೆಯ ಕಡೆ ತಿರುಗಿ ಮುಖ ಒರೆಸಿಕೊಳ್ಳುತ್ತಿದ್ದಳು.

ಕಲೊಲೈನೆ ಗೋರಿಯ ಬೇರಿನ ಕತೆ ಹೇಳಿದಳು. ವೈದ್ಯೆ ನಗಲಿಲ್ಲ. "ನಮ್ಮಜ್ಜಿಗೂ ತೆಗೆಸಿದ್ವಿ," ಎಂದಳು. "ಗೋರಿ ಚೊಕ್ಕಟ ಮಾಡಿದ್ದು ಒಳ್ಳೇದೇ. ಆದ್ರೆ ನಿಮ್ಮ ಕಾಲೊಳಗೂ ಬೇರುಗಳಿವೆ ಅತ್ತೆ, ನರಗಳು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿದ್ರೆ ಅವು ತುದಿಯಿಂದ ಒಣಗ್ತಾ ಬರ್ತವೆ. ಒಣಗೋವಾಗ ಕೂಗ್ತವೆ. ಅದೇ ಉರಿ."

"ಉರಿ ನಿಂತುಹೋಗಿತ್ತಲ್ಲ."

"ಕೂಗೋಕೆ ಏನೂ ಉಳಿದಿರಲಿಲ್ಲ."

ಕಲೊಲೈನೆ ತನ್ನ ಪಟ್ಟಿ ಕಟ್ಟಿದ ಕಾಲನ್ನು ನೋಡುತ್ತ ಕೂತಳು. "ಕತ್ತರಿಸ್ತೀಯಾ?" ಎಂದಳು.

"ಕಾಲು ಉಳಿಸೋಕೆ ನೋಡ್ತೀನಿ. ಬೆರಳಿನ ವಿಷಯ ಮಾತು ಕೊಡಲ್ಲ. ನೀವು ಇನ್ಸುಲಿನ್ ತಗೋಬೇಕು, ಕರೆದಾಗ ಬರಬೇಕು. ಚೆನ್ನಾಗಿದೀನಿ ಅಂತ ನಿಲ್ಲಿಸಬಾರದು. ಅಷ್ಟು ನಿಮ್ಮದು, ಮಿಕ್ಕಿದ್ದು ನಂದು."

ಕಿರುಬೆರಳು ಉಳಿಯಲಿಲ್ಲ. ಕಾಲು ಉಳಿಯಿತು. ಬೆರಳನ್ನು ಏನು ಮಾಡೋಣವೆಂದು ಸೆಮಿಸಿ ಅಳುಕುತ್ತಲೇ ಕೇಳಿದಾಗ, "ಅಮ್ಮನ ಪಕ್ಕ ಇಟ್ಬಾ," ಎಂದಳು. "ಬಲಗಡೆ. ಅಲ್ಲಿ ಜಾಗ ಇದೆ."

ಗಾಯ ಮಾಯಲು ತಿಂಗಳುಗಳೇ ಹಿಡಿದವು. ಬಸ್ಸಿನಲ್ಲಿ ಹೋಗುವುದು, ಕಾಯುವುದು, ಪಟ್ಟಿ ಬದಲಿಸಿಕೊಂಡು ಬರುವುದು. ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳಲು ಕಲಿತಳು. ತಟ್ಟೆಯಲ್ಲಿ ಗೆಣಸು ಕಡಿಮೆಯಾಗಿ ಸೊಪ್ಪು, ಮೀನು ಹೆಚ್ಚಾದವು. ಇದರಲ್ಲಿ ಯಾವುದೂ ಅವಳಿಗೆ ಹಿಡಿಸಲಿಲ್ಲ. ಹಿಡಿಸದಿದ್ದರೂ ಮಾಡಿದಳು. ನೀರಡಿಕೆ ತಗ್ಗಿತು. ಕತ್ತಿನ ಗ್ರಂಥಿಗೆಂದು ಕೊಟ್ಟ ಚಿಕ್ಕ ಮಾತ್ರೆ ಶುರುವಾದ ಮೇಲೆ, ಒಂದು ಭಾನುವಾರ ಚರ್ಚಿನಿಂದ ನಿಲ್ಲದೆ ಮನೆಗೆ ಬಂದಳು. ಬಂದ ಮೇಲೆಯೇ ಅದು ಗಮನಕ್ಕೆ ಬಂದದ್ದು.

ಸೆಮಿಸಿಯ ಮಗಳ ಮೊದಲ ಹುಟ್ಟುಹಬ್ಬ ಬಂತು. ಅಂಗಳದ ತುಂಬ ಚಪ್ಪರ, ಸಾಲು ಸಾಲು ಹಂದಿಮರಿ. ಫಹುವಿನ ಪೀಠದಲ್ಲಿ ಕಲೊಲೈನೆ ಮುಚ್ಚಿದ ಬೂಟು ಹಾಕಿಕೊಂಡು ಕೂತಿದ್ದಳು. ಚಾಪೆ ಬಂತು, ತೆಗೆದುಕೊಂಡಳು. ನಾರುಬಟ್ಟೆ ಬಂತು, ತೆಗೆದುಕೊಂಡಳು. ಕೇಕಿನ ಮೇಲಂತಸ್ತನ್ನು ಇಬ್ಬರು ಹೊತ್ತು ತಂದರು.

"ಪಾದ್ರಿಗಳ ಮನೆಗೆ ಕಳಿಸಿ," ಎಂದಳು. ಮತ್ತೆ ಪಾದ್ರಿಯ ಹೊಟ್ಟೆಯನ್ನು ನೋಡಿ, "ಬೇಡ. ಅವರಿಗೂ ಬೇಡ," ಎಂದಳು. ಪಾದ್ರಿಯ ಹೆಂಡತಿ ಎಲ್ಲರಿಗಿಂತ ಜೋರಾಗಿ ನಕ್ಕಳು.

ಸೆಮಿಸಿ ಬೆವರೊರೆಸಿಕೊಳ್ಳುತ್ತ ಬಂದು ಅವಳ ಮುಂದೆ ನೆಲದ ಮೇಲೆ ಕೂತ. ಕೈಯಲ್ಲಿ ಕೆಂಪು ಸೋಡಾ, ಅವಳು ನೋಡುತ್ತಿದ್ದ ಹಾಗೆಯೇ ಎರಡನೆಯ ಬಾಟಲಿ. ಕತ್ತಿನ ಹಿಂದೆ ಹಲವು ವಾರಗಳಿಂದ ಮಾಯದ ಕುರು. "ಅತ್ತೆ, ಇನ್ನೇನು ಬೇಕು ಕೇಳಿ," ಎಂದ, ಕ್ರಮದಂತೆ.

ಕಲೊಲೈನೆ ಚೀಲದಿಂದ ಸಕ್ಕರೆ ಅಳೆಯುವ ತನ್ನ ಪುಟ್ಟ ಯಂತ್ರವನ್ನೂ ಸೂಜಿಯ ಡಬ್ಬಿಯನ್ನೂ ತೆಗೆದಳು. "ಒಂದು ಹನಿ ರಕ್ತ ಬೇಕು."

"ಅಯ್ಯೋ, ನಂಗೇನಾಗಿದೆ ಅತ್ತೆ, ಗೂಳಿ ಹಂಗಿದೀನಿ."

"ಗೋರಿ ಅಗಿ ಅಂದಾಗ ಯಾಕೆ ಅಂತ ಕೇಳ್ದೇನೋ?"

"ಇಲ್ಲ."

"ಈಗಲೂ ಕೇಳಬೇಡ."

ಮಗುವನ್ನು ಎತ್ತಿಕೊಂಡಿದ್ದ ಲೆಸಿಯೆಲಿ ಹತ್ತಿರ ಬಂದಳು. ಅಜ್ಜಿಯ ಗೋರಿಯ ಮರಳು ಬಗೆದ ಆ ದಪ್ಪ ಕೈಯನ್ನು ಸೆಮಿಸಿ ಬಟ್ಟೆಗೆ ಒರೆಸಿ, ತಲೆ ತಗ್ಗಿಸಿ ಮುಂದೆ ಚಾಚಿದ. ಕಲೊಲೈನೆ ಕನ್ನಡಕ ಸರಿಮಾಡಿಕೊಂಡು ಚುಚ್ಚಿದಳು.

"ಹಾ," ಎಂದು ಅವನು ಕೈಯನ್ನು ಹಿಂದಕ್ಕೆಳೆದುಕೊಂಡ.

"ನೋವಾಯ್ತಾ?"

"ಆಯ್ತು."

"ಒಳ್ಳೇದು," ಎಂದಳು ಕಲೊಲೈನೆ. ಯಂತ್ರದಲ್ಲಿ ಮೂಡಿದ ಅಂಕಿಯನ್ನು ನೋಡಿದಳು, ಲೆಸಿಯೆಲಿಗೆ ತೋರಿಸಿದಳು, ಬೇರೆ ಯಾರಿಗೂ ತೋರಿಸಲಿಲ್ಲ. ಸೆಮಿಸಿಯ ಕೈಯಲ್ಲಿದ್ದ ಬಾಟಲಿಯನ್ನು ಬಿಡಿಸಿಕೊಂಡು ಕುರ್ಚಿಯ ಕೆಳಗಿಟ್ಟಳು.

"ಮಂಗಳವಾರ ನನ್ನ ಜೊತೆ ಬಸ್ಸಿಗೆ ಬಾ. ಬರಿಗಾಲಲ್ಲಿ ಬರಬೇಡ."