ಹುಲುಗೇಶನ ಎಡ ಮೊಣಕಾಲು

ಕೊಟ್ಟೂರಿನ ಹಾಕಿ ತಂಡದಲ್ಲಿ ಹನ್ನೆರಡು ವರ್ಷ ಎದುರಾಳಿಗಳನ್ನು ತಡೆಯುವ ಫುಲ್‌ಬ್ಯಾಕ್ ಆಗಿ ನಿಂತಿದ್ದ ಹುಲುಗೇಶನನ್ನು ಈ ವರ್ಷ ಕೊನೆಯ ಹತ್ತು ನಿಮಿಷಕ್ಕಷ್ಟೇ ಇಳಿಸುತ್ತಿದ್ದರು. ಯಾಕೆ ಎಂದು ಕೇಳಿದವರಿಗೆಲ್ಲ ತಂಡ ನೋಡಿಕೊಳ್ಳುವ ಕಮಾಲಸಾಬನದು ಒಂದೇ ಉತ್ತರ: "ಅವನ ಮೊಣಕಾಲು ಕೈಕೊಟ್ಟೈತಿ."

ಎರಡು ವರ್ಷದ ಹಿಂದೆ ಹರಪನಹಳ್ಳಿಯಲ್ಲಿ ಆಡುವಾಗ ಬಿದ್ದು ಎಡ ಮೊಣಕಾಲು ಊದಿಕೊಂಡದ್ದು ನಿಜ. ಹದಿನೈದು ದಿನಕ್ಕೆ ಊತ ಇಳಿಯಿತು, ತಿಂಗಳೊಳಗೆ ನೋವೂ ಹೋಯಿತು. ಆದರೆ ಆಮೇಲಿಂದ ಎದುರು ತಂಡದ ಹುಡುಗರು ಅವನ ಪಕ್ಕದಿಂದಲೇ ಚೆಂಡು ತೆಗೆದುಕೊಂಡು ಸರಕ್ಕನೆ ದಾಟಿ ಹೋಗತೊಡಗಿದರು. ಕಮಾಲಸಾಬನ ಮಾತು ಕಿವಿಗೆ ಬಿದ್ದ ಮೇಲೆ ಹುಲುಗೇಶ ಮೊಣಕಾಲಿಗೆ ಪಟ್ಟಿ ಕಟ್ಟಿಕೊಳ್ಳಲು ಶುರುಮಾಡಿದ. ಮೊದಲು ಆಟದ ದಿನ ಮಾತ್ರ, ಬರಬರುತ್ತ ತಾನು ಗುಮಾಸ್ತನಾಗಿದ್ದ ತಾಲೂಕು ಕಚೇರಿಗೂ. ಅಲ್ಲಿನ ಅಟೆಂಡರ್ ಗಂಗಪ್ಪ ಮೆಟ್ಟಿಲ ಹತ್ತಿರ ಕೈ ಕೊಟ್ಟರೆ ಬೇಡ ಎನ್ನುತ್ತಿರಲಿಲ್ಲ. ಕಾಲು ಹೋದವನನ್ನು ಕಂಡರೆ ಊರು ಪಾಪ ಅನ್ನುತ್ತಿತ್ತು. ಆಟ ಹೋಯಿತು ಎಂದಿದ್ದರೆ ಏನನ್ನುತ್ತಿತ್ತೋ, ಅವನಿಗೆ ಕೇಳುವ ಮನಸ್ಸಿರಲಿಲ್ಲ.

ಹೆಂಡತಿ ರಮಾ ಆಸ್ಪತ್ರೆಯಲ್ಲಿ ನರ್ಸ್.

"ನನ್ನ ಕಣ್ಮುಂದ ಕಾಲು ಎಳಕೊಂತ ಅಡ್ಡಾಡ್ತೀರಿ. ನಾನು ಇದ್ದೂ ಏನ್ ಉಪಯೋಗ ರೀ?" ಎಂದು ಅವನನ್ನು ಹೊಸಪೇಟೆಗೆ ಕರೆದೊಯ್ದು ಸ್ಕ್ಯಾನಿಂಗ್ ಮಾಡಿಸಿದಳು.

ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು. "ಇಪ್ಪತ್ತು ವರ್ಷದ ಹುಡುಗನ ಮೊಣಕಾಲು ಇದ್ದಂಗೈತಿ ನೋಡ್ರಿ. ಆರಾಮ ಆಡ್ರಿ."

ರಮಾಳ ಕಣ್ಣಲ್ಲಿ ನೀರು ಬಂತು. ಹುಲುಗೇಶನಿಗೂ ಬರುವುದರಲ್ಲಿತ್ತು, ಕಾರಣ ಬೇರೆ.

"ರಿಪೋರ್ಟ್ ಯಾರಿಗೂ ತೋರಿಸಬ್ಯಾಡ. ದೃಷ್ಟಿ ಆಗ್ತೈತಿ," ಎಂದು ಬಸ್ಸಿನಲ್ಲಿ ಮೆಲ್ಲಗೆ ಹೇಳಿದ. ದೃಷ್ಟಿಗಿಷ್ಟಿ ನಂಬದ ರಮಾ ಮರುದಿನವೇ ಕಮಾಲಸಾಬನ ಬೈಕ್ ರಿಪೇರಿ ಅಂಗಡಿಗೆ ಹೋಗಿ ರಿಪೋರ್ಟ್ ಕೈಗಿಟ್ಟಳು. ಅಲ್ಲಿದ್ದ ಆಟಗಾರರೆಲ್ಲ ಕೇಳುವಂತೆ ಓದಿಸಿದಳು. ಭಾನುವಾರ ಹಡಗಲಿ ತಂಡದ ಮೇಲೆ ಹುಲುಗೇಶನನ್ನು ಮೊದಲಿನಿಂದಲೇ ಇಳಿಸದೆ ಕಮಾಲಸಾಬನಿಗೆ ಬೇರೆ ದಾರಿ ಉಳಿಯಲಿಲ್ಲ.

ಭಾನುವಾರ ರಮಾ ಮೂವರು ಗೆಳತಿಯರನ್ನು ಕಟ್ಟಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕುಳಿತಳು. ಪಟ್ಟಿಯಿಲ್ಲದ ಕಾಲು ಹುಲುಗೇಶನಿಗೆ ಬತ್ತಲೆಯಾದಂತೆ ಅನಿಸಿತು. ಹಡಗಲಿಯ ಒಬ್ಬ ಸಣಕಲು ಹುಡುಗ ಅರ್ಧ ಆಟದೊಳಗೆ ಮೂರು ಸಲ ಅವನನ್ನು ದಾಟಿ ಮೂರು ಗೋಲು ಹೊಡೆದ. ಪ್ರತಿ ಸಲವೂ ಹುಲುಗೇಶ ಬಗ್ಗಿ ಮೊಣಕಾಲು ಮುಟ್ಟಿ ನೋಡಿದ. ಅದು ಕಲ್ಲಿನಂತೆ ಗಟ್ಟಿಯಾಗಿತ್ತು.

ವಿರಾಮದಲ್ಲಿ ಕಮಾಲಸಾಬ ನೀರಿನ ಬಾಟಲಿ ಕೊಟ್ಟು ಪಕ್ಕದಲ್ಲಿ ಕೂತ. "ಕಾಲು ನೋಯ್ತೈತೇನು?"

"ಇಲ್ಲ ಕಮಾಲಣ್ಣ. ಕಾಲು ಚಲೋ ಐತಿ. ನನಗ ಆಗವಲ್ದು."

ಕಮಾಲಸಾಬ ಅವನತ್ತ ತಿರುಗಿದ. "ಆ ಮೊಣಕಾಲಿನ ಮಾತು ನಾನೇ ಹುಟ್ಟಿಸಿದ್ದು. ನಿನಗ ಹೆಂಗ ಹೇಳ್ಲಿ ಅಂತ ತಿಳೀಲಿಲ್ಲ."

"ಗೊತ್ತಿತ್ತು. ನೀ ಹೇಳಿದ್ದು ಸುಳ್ಳಾಗಬಾರ್ದು ಅಂತ ಪಟ್ಟಿ ಕಟ್ಟಿದೆ."

ಇಬ್ಬರಿಗೂ ನಗು ಬಂತು. ಅವನ ಜಾಗಕ್ಕೆ ಹತ್ತೊಂಬತ್ತರ ಸಿದ್ದಲಿಂಗ ಇಳಿದ. ಹುಲುಗೇಶ ಗೆರೆಯಾಚೆ ನಿಂತು, "ಬಲಕ್ಕ ಸರಿ, ಚೆಂಡು ನೋಡಬ್ಯಾಡ, ಅವನ ಸೊಂಟ ನೋಡು," ಎಂದು ಕೊನೆತನಕ ಕೂಗುತ್ತಿದ್ದ. ಹಡಗಲಿಯವರಿಗೆ ಮತ್ತೊಂದು ಗೋಲು ಸಿಗಲಿಲ್ಲ. ಕೊಟ್ಟೂರು ಹೇಗೂ ಸೋತಿತು.

ಮನೆಗೆ ಹೋಗುವಾಗ ಸ್ಕೂಟರ್ ಓಡಿಸುತ್ತಿದ್ದವಳು ರಮಾ. "ಆ ಡಾಕ್ಟ್ರು ಸರಿ ನೋಡಿಲ್ಲ ಕಾಣ್ತೈತಿ. ಬಳ್ಳಾರಿಗೆ ಹೋಗಿ ಇನ್ನೊಮ್ಮಿ ತೋರಿಸೋಣು."

"ಡಾಕ್ಟ್ರು ಸರಿ ನೋಡ್ಯಾರ. ಕಾಲಿಗೆ ಏನೂ ಆಗಿಲ್ಲ ರಮಾ, ಆಟ ಹೋಗೈತಿ. ನನಗ ಮೊದ್ಲ ಗೊತ್ತಿತ್ತು."

ರೈಲ್ವೆ ಗೇಟು ದಾಟಿದ ಮೇಲೆ ಅವಳು ಸ್ಕೂಟರಿನ ವೇಗ ಇಳಿಸಿದಳು.

"ಹಂಗಾರ ಇಷ್ಟು ತಿಂಗಳು ದಿನಾ ನಾನು ನಿಮ್ಮ ಕಾಲಿಗೆ ಎಣ್ಣಿ ಹಚ್ಚಿ ತಿಕ್ಕಿದ್ದು?"

"ಆರಾಮ ಅನಸ್ತಿತ್ತು," ಎಂದ ಹುಲುಗೇಶ.

"ಇವತ್ತಿಂದ ನೀವು ನನಗ ಹಚ್ಚರಿ. ದಿನಾ ಎಂಟು ತಾಸು ವಾರ್ಡಿನ್ಯಾಗ ನಿಂತಿರ್ತೀನಿ. ನನ್ನ ಕಾಲು ಖರೇನ ನೋಯ್ತಾವು."

ಅಂದೇ ಸಂಜೆ ಅವನು ಎಣ್ಣೆ ಬಿಸಿಮಾಡಿದ.